ತಣ್ಣಗಾಗದ ಕ್ಯಾರವಾನ್

ಚೆನ್ನೈನ ಟಿ. ನಗರದ ಹಬೀಬುಲ್ಲಾ ರಸ್ತೆಯಲ್ಲಿ ಕರ್ನಾಟಕ ಸಂಘದ ಶಾಲೆಯಿದೆ. ಅದೇ ರಸ್ತೆಯಲ್ಲಿ ದಕ್ಷಿಣ ಭಾರತ ಕಲಾವಿದರ ಸಂಘವೂ ಇದೆ. ಸಿನಿಮಾ ಸ್ಟುಡಿಯೊಗಳಿಗೆ ಹೆಸರಾದ ಕೋಡಂಬಾಕ್ಕಂ ಇಲ್ಲಿಂದ ಕೂಗಳತೆಯ ದೂರ. ಕನ್ನಡ ಚಿತ್ರಗಳು ಹೆಚ್ಚಾಗಿ ಮದ್ರಾಸಿನ ಸ್ಟುಡಿಯೊಗಳಲ್ಲೇ ತಯಾರಾಗುತ್ತಿದ್ದ ಕಾಲದಲ್ಲಿ ನಮ್ಮ ಎಷ್ಟೋ ನಟರು, ತಂತ್ರಜ್ಞರು ಈ ಆಸುಪಾಸಿನಲ್ಲೇ ಮನೆ ಮಾಡಿಕೊಂಡಿದ್ದರು. ಸಿನಿಮಾದ ಓಡಾಟ ಇಲ್ಲಿ ಇವತ್ತಿಗೂ ನಿಂತಿಲ್ಲ. ಯಾವುದಾದರೂ ಹಳೆಯ ಬಂಗಲೆಯಲ್ಲಿ ಶೂಟಿಂಗ್ ಇದ್ದರೆ ಹೊರಗೆ, ರಸ್ತೆಯ ಅಂಚಿಗೆ, ಬಸ್ಸಿನಷ್ಟೇ ದೊಡ್ಡದಾದ ಕಿಟಕಿ ಮುಚ್ಚಿದ ವಾಹನವೊಂದು ನಿಂತಿರುತ್ತದೆ. ಅದರ ಹೊಟ್ಟೆಯಲ್ಲಿ ಜನರೇಟರ್ ಗುಡುಗುತ್ತಿರುತ್ತದೆ. ಇದಕ್ಕೆ ಸಿನಿಮಾದವರ ಬಾಯಲ್ಲಿ ಕ್ಯಾರವಾನ್ ಎಂದು ಹೆಸರು. ಒಳಗೆ ಕನ್ನಡಿ, ಸೋಫಾ, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ ಎಲ್ಲ ಇರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ ಏಸಿ ಇರುತ್ತದೆ. ಮೇ ತಿಂಗಳ ಮಧ್ಯಾಹ್ನ ಈ ಏಸಿ ಸೋತರೆ ಶೂಟಿಂಗೇ ನಿಂತುಹೋಗುತ್ತದೆ.

ಅಮೆರಿಕದ ಕುಟುಂಬಗಳು ಕಾರಿನ ಹಿಂದೆ ಎಳೆದುಕೊಂಡು ಹೋಗುವ ಕ್ಯಾಂಪಿಂಗ್ ಟ್ರೇಲರ್, ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುವ ಪ್ರವಾಸಿ ಕ್ಯಾರವಾನ್, ಟಿ. ನಗರದಲ್ಲಿ ನಿಂತ ಈ ಸಿನಿಮಾ ಗಾಡಿ ಮೂರಕ್ಕೂ ಭೌತಶಾಸ್ತ್ರ ಒಂದೇ. ತೆಳ್ಳನೆಯ ಲೋಹದ ಪೆಟ್ಟಿಗೆಯನ್ನು ಬಿಸಿಲಲ್ಲಿ ನಿಲ್ಲಿಸಿ, ಅದರೊಳಗಿನ ಶಾಖವನ್ನು ಹೊರಕ್ಕೆ ಸಾಗಿಸಬೇಕು. ಸಾಗಣೆ ಎಲ್ಲೋ ತಡೆಯಾಗಿದೆ, ಅಥವಾ ಸಾಗಿಸುವುದಕ್ಕಿಂತ ಹೆಚ್ಚು ಒಳಗೆ ಬರುತ್ತಿದೆ. ಏಸಿ ಸೋಲುವುದಕ್ಕೆ ಈ ಎರಡರ ಹೊರತು ಬೇರೆ ಕಾರಣವಿಲ್ಲ. ಆದರೆ ಊರೆಲ್ಲ ಕೇಳಿಬರುವ ತೀರ್ಪು ಒಂದೇ: "ಗ್ಯಾಸ್ ಹೋಗಿದೆ." ಈ ತೀರ್ಪು ನಿಜವಾಗುವುದೂ ಉಂಟು. ಆದರೆ ತನಿಖೆಯಲ್ಲಿ ಅದು ಕೊನೆಗೆ ಬರಬೇಕಾದ ಮಾತು, ಮೊದಲಿಗಲ್ಲ. ಏಕೆಂಬುದನ್ನು ಈ ಅಧ್ಯಾಯದಲ್ಲಿ ನೋಡೋಣ.

ಏಸಿಯ ಶಕ್ತಿಯನ್ನು ನಾವು ಟನ್ ಲೆಕ್ಕದಲ್ಲಿ ಹೇಳುತ್ತೇವೆ. ಆ ಲೆಕ್ಕ ಹುಟ್ಟಿದ್ದು ಮಂಜುಗಡ್ಡೆಯ ವ್ಯಾಪಾರದ ಕಾಲದಲ್ಲಿ. ಅದರ ಗುರುತು ಚೆನ್ನೈನಲ್ಲಿ ಇನ್ನೂ ನಿಂತಿದೆ. ಮರೀನಾ ಬೀಚಿನ ಎದುರು, ತಿರುವಲ್ಲಿಕ್ಕೇಣಿಯಲ್ಲಿರುವ ಐಸ್ ಹೌಸ್ ಅನ್ನು 1842ರಲ್ಲಿ ಕಟ್ಟಿಸಿದವನು ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್. ಚಳಿಗಾಲದಲ್ಲಿ ಅಮೆರಿಕದ ಕೆರೆಗಳಿಂದ ಕೊಯ್ದ ಮಂಜುಗಡ್ಡೆಯನ್ನು ಹಡಗಿನಲ್ಲಿ ಹೇರಿ, ಅರ್ಧ ಭೂಮಿ ಸುತ್ತಿಸಿ ತಂದು ಇಲ್ಲಿ ಶೇಖರಿಸಿ ಮಾರುತ್ತಿದ್ದ. 1897ರಲ್ಲಿ ಪಾಶ್ಚಾತ್ಯ ದೇಶಗಳಿಂದ ಮರಳಿದ ವಿವೇಕಾನಂದರು ಇದೇ ಕಟ್ಟಡದಲ್ಲಿ ತಂಗಿದ್ದರಿಂದ ಈಗ ಅದು ವಿವೇಕಾನಂದರ್ ಇಲ್ಲಂ. ಯಂತ್ರದಿಂದ ತಂಪು ಮಾಡುವುದು ಬಂದಾಗ, ಹೊಸ ಯಂತ್ರ ಎಷ್ಟು ಮಂಜುಗಡ್ಡೆಯ ಕೆಲಸ ಮಾಡುತ್ತದೆ ಎಂದು ಜನ ಕೇಳುವುದು ಸಹಜವೇ ಆಗಿತ್ತು. ಅಮೆರಿಕದ ಒಂದು ಟನ್, ಅಂದರೆ 907 ಕಿಲೋ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟು ಶಾಖವನ್ನು ಸಾಗಿಸುವ ಯಂತ್ರ ಒಂದು ಟನ್ನಿನದು. ಗಂಟೆಗೆ 12,000 ಬಿಟಿಯು, ನಮ್ಮ ಲೆಕ್ಕದಲ್ಲಿ ಸುಮಾರು 3.5 ಕಿಲೋವಾಟ್. ಅಮೆರಿಕದ ಟ್ರೇಲರ್‌ಗಳ ಚಾವಣಿಯ ಮೇಲೆ ಕೂರಿಸುವ ಏಸಿಗಳು ಸಾಮಾನ್ಯವಾಗಿ 13,500 ಅಥವಾ 15,000 ಬಿಟಿಯುವಿನವು. ಅಂದರೆ ಒಂದು ಟನ್‌ಗಿಂತ ಸ್ವಲ್ಪ ಮೇಲೆ.

ಈ 3.5 ಕಿಲೋವಾಟನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಬರೀ ಕೂಡುವ ಕಳೆಯುವ ಲೆಕ್ಕ.

ಚೆನ್ನೈನಲ್ಲಿ ಏಸಿಯ ದೊಡ್ಡ ಎದುರಾಳಿ ಬಿಸಿಲಲ್ಲ, ಗಾಳಿಯೊಳಗಿನ ನೀರು. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬೆಂಗಳೂರಿನಿಂದ ಬಂದವರಿಗೆ ಈ ಮಾತು ಅಂಕಿಗಳಲ್ಲಿ ಹೇಳದ ಹೊರತು ನಾಟುವುದಿಲ್ಲ.

ಚೆನ್ನೈ, ಬೆಂಗಳೂರು ಎರಡೂ 13 ಡಿಗ್ರಿ ಅಕ್ಷಾಂಶದ ಊರುಗಳು. ಏಪ್ರಿಲ್ 24ರ ಸುಮಾರಿಗೆ ಎರಡೂ ಕಡೆ ಸೂರ್ಯ ನೆತ್ತಿಯ ಮೇಲೆ ಬಂದು, ನಟ್ಟ ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ಬಿಸಿಲು ಒಂದೇ. ಆದರೆ ಬೆಂಗಳೂರಿನ ಬೇಸಿಗೆಯ ಮಧ್ಯಾಹ್ನ 34 ಡಿಗ್ರಿ ಬಿಸಿ ಇದ್ದು ತೇವಾಂಶ ಶೇ. 28 ಇದ್ದರೆ, ಒಂದು ಘನಮೀಟರ್ ಗಾಳಿಯಲ್ಲಿ ಇರುವ ನೀರಾವಿ ಸುಮಾರು 10.5 ಗ್ರಾಂ. ಚೆನ್ನೈನಲ್ಲಿ ಕಡಲಗಾಳಿ ಬೀಸಿದ ಮೇಲೆ 35 ಡಿಗ್ರಿ ಬಿಸಿ, ಶೇ. 60 ತೇವಾಂಶ ಇದ್ದರೆ ಅದೇ ಒಂದು ಘನಮೀಟರ್‌ನಲ್ಲಿ ಸುಮಾರು 24 ಗ್ರಾಂ. ನಾವು ಒಳಗೆ ಬಯಸುವುದು 24 ಡಿಗ್ರಿ, ಶೇ. 50 ತೇವಾಂಶ, ಆ ಗಾಳಿಯಲ್ಲಿ ನೀರಾವಿ ಇರುವುದು 11 ಗ್ರಾಂ. ಬೆಂಗಳೂರಿನ ಗಾಳಿಯಿಂದ ನೀರು ತೆಗೆಯುವ ಕೆಲಸವೇ ಇಲ್ಲ, ತಣ್ಣಗೆ ಮಾಡಿದರೆ ಸಾಕು. ಚೆನ್ನೈನ ಗಾಳಿಯಲ್ಲಾದರೋ ಪ್ರತಿ ಘನಮೀಟರ್‌ನಿಂದ 13 ಗ್ರಾಂ ನೀರನ್ನು ಹಿಂಡಿ ತೆಗೆಯಬೇಕು.

ನೀರಾವಿ ನೀರಾಗುವಾಗ ತನ್ನಲ್ಲಿ ಅಡಗಿದ್ದ ಶಾಖವನ್ನೆಲ್ಲ ಬಿಟ್ಟುಕೊಡುತ್ತದೆ: ಒಂದು ಕಿಲೋಗೆ ಸುಮಾರು 2,450 ಕಿಲೋಜೂಲ್. ಕ್ಯಾರವಾನ್‌ನ ಒಳಗು ಆರು ಮೀಟರ್ ಉದ್ದ, 2.2 ಮೀಟರ್ ಅಗಲ, ಎರಡು ಮೀಟರ್ ಎತ್ತರ ಎಂದುಕೊಳ್ಳೋಣ. ಅದರಲ್ಲಿ ಹಿಡಿಸುವ ಗಾಳಿ ಸುಮಾರು 26 ಘನಮೀಟರ್. ಮೇಕಪ್‌ನವರು, ಬಟ್ಟೆಯವರು, ಸಹಾಯಕ ನಿರ್ದೇಶಕರು ಬಾಗಿಲು ತೆರೆದು ಹಾಕಿ ಮಾಡುವುದರಲ್ಲಿ ಈ ಗಾಳಿ ಒಮ್ಮೆ ಪೂರ್ತಿ ಬದಲಾದರೆ ಸುಮಾರು ಮೂರನೇ ಒಂದು ಲೀಟರ್ ನೀರು ಆವಿಯ ರೂಪದಲ್ಲಿ ಒಳಗೆ ಬಂದಂತೆ. ಆ ಗಾಳಿಯನ್ನು ಬರೀ 35ರಿಂದ 24 ಡಿಗ್ರಿಗೆ ಇಳಿಸಲು ಒಂದು ಟನ್ ಯಂತ್ರಕ್ಕೆ ಒಂದೂವರೆ ನಿಮಿಷ ಸಾಕು. ಅದರ ನೀರನ್ನು ತೆಗೆಯಲು ಮತ್ತೆ ನಾಲ್ಕು ನಿಮಿಷ ಬೇಕು. ಹೊರಗಿನಿಂದ ನುಗ್ಗುವ ಗಾಳಿಯ ವಿರುದ್ಧ ನಡೆಯುವ ಕೆಲಸದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ನೀರಿನ ವಿರುದ್ಧವೇ.

ಏಸಿ ಹುಟ್ಟಿದ್ದೇ ನೀರು ತೆಗೆಯುವುದಕ್ಕಾಗಿ ಎಂಬುದನ್ನು ಇಲ್ಲಿ ನೆನೆಯಬಹುದು. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮುದ್ರಣಾಲಯವೊಂದರಲ್ಲಿ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಅದಕ್ಕೆ ಪರಿಹಾರವಾಗಿ ವಿಲ್ಲಿಸ್ ಕ್ಯಾರಿಯರ್ ಎಂಬ 25 ವರ್ಷದ ಎಂಜಿನಿಯರ್ ವ್ಯವಸ್ಥೆಯೊಂದನ್ನು ರೂಪಿಸಿದ. ಮನುಷ್ಯರಿಗೆ ಹಿತವಾಗಲಿ ಎಂಬ ಯೋಚನೆ ಆಮೇಲಿನದು.

ನೀರಿನ ಈ ಲೆಕ್ಕ ನಮಗೊಂದು ಬಲು ಅಗ್ಗದ ಪರೀಕ್ಷೆಯನ್ನು ಕೊಡುತ್ತದೆ. ಏಸಿಯ ಡ್ರೈನ್ ಪೈಪಿನ ಬಾಯಿಗೆ ಒಂದು ಲೀಟರಿನ ಖಾಲಿ ಬಾಟಲಿ ಹಿಡಿಯಿರಿ, ಗಡಿಯಾರ ನೋಡಿ. ಗಂಟೆಗೆ ಒಂದು ಲೀಟರ್ ನೀರು ಎಂದರೆ ಯಂತ್ರ ನೀರೊಂದಕ್ಕೇ 0.68 ಕಿಲೋವಾಟ್ ಖರ್ಚು ಮಾಡುತ್ತಿದೆ ಎಂದರ್ಥ. ಒಂದು ಟನ್ ಯಂತ್ರ ತನ್ನ ಅರ್ಧ ಶಕ್ತಿಯನ್ನು ನೀರಿಗೆ ಸುರಿದರೆ ಗಂಟೆಗೆ ಎರಡೂವರೆ ಲೀಟರ್ ಬೀಳುತ್ತದೆ. ಬಾಗಿಲು ಮುಚ್ಚಿ ಗಂಟೆಗಳೇ ಕಳೆದರೂ ಪೈಪಿನಿಂದ ಗಂಟೆಗೆ ಎರಡು, ಎರಡೂವರೆ ಲೀಟರ್ ಧಾರಾಳವಾಗಿ ಸುರಿಯುತ್ತಿದ್ದು, ಒಳಗೆ ಮಾತ್ರ ಸೆಕೆ ಕಡಿಮೆಯಾಗಿಲ್ಲದಿದ್ದರೆ ಯಂತ್ರವನ್ನು ಬಯ್ಯಬೇಡಿ. ಅದು ಮೈಮುರಿದು ದುಡಿಯುತ್ತಿದೆ. ಹೊರಗಿನ ಗಾಳಿ ಎಲ್ಲೋ ಒಳನುಗ್ಗುತ್ತಿದೆ: ಶೌಚಾಲಯದ ಗಾಳಿಗಿಂಡಿ, ಬಾಗಿಲಿನ ಸವೆದ ರಬ್ಬರು, ವೈರು ಎಳೆದ ತೂತು, ಚಾವಣಿಯ ಕಿಂಡಿ. ಇಲ್ಲವಾದರೆ ಒಳಗೇ ಯಾರೋ ಹಬೆಯ ಇಸ್ತ್ರಿಪೆಟ್ಟಿಗೆಯಿಂದ ಕಾಸ್ಟ್ಯೂಮ್ ತೀಡುತ್ತಿದ್ದಾರೆ. ಆ ಪೆಟ್ಟಿಗೆಯೊಂದೇ ಒಂದು ಕಿಲೋವಾಟ್‌ಗೂ ಮಿಕ್ಕಿ ಶಾಖವನ್ನೂ, ಅದರ ಜೊತೆ ಆವಿಯನ್ನೂ ಕೊಡುತ್ತದೆ. ಇಂಥ ಗಾಡಿಗೆ ಗ್ಯಾಸ್ ತುಂಬಿಸಿದರೆ ಹಣ ಹೋಗುತ್ತದೆ, ಸೆಕೆ ಹೋಗುವುದಿಲ್ಲ.

ಇದಕ್ಕೆ ವಿರುದ್ಧವಾಗಿ, ಚೆನ್ನೈನ ಮೇ ತಿಂಗಳಲ್ಲಿ ಪೈಪಿನಿಂದ ಹನಿಯೂ ಬೀಳದಿದ್ದರೆ ಆಗ ಯಂತ್ರದ ಕಡೆಗೆ ನೋಡಬೇಕು. ಮೊದಲು ಪೈಪು ಕಟ್ಟಿಕೊಂಡು ನೀರು ಒಳಗೇ ಸೋರುತ್ತಿಲ್ಲವೆಂದು ಖಚಿತ ಮಾಡಿಕೊಳ್ಳಿ. ಪಶ್ಚಿಮದ ಒಣಗಾಳಿ ಜೋರಾಗಿ ಬೀಸಿ ಕಡಲಗಾಳಿ ಬರದೇ ಹೋದ ದಿನಗಳಲ್ಲಿ ನೀರು ಕಡಿಮೆ ಬೀಳುವುದು ಸಹಜ. 2003ರ ಮೇ 31ರಂದು ನುಂಗಂಬಾಕ್ಕಂನಲ್ಲಿ 45 ಡಿಗ್ರಿ ದಾಖಲಾಯಿತಲ್ಲ, ಅಂಥ ದಿನಗಳು.

ಎರಡನೆಯ ಉಪಕರಣ ಥರ್ಮಾಮೀಟರ್. ಒಂದನ್ನು ಏಸಿ ಗಾಳಿ ಎಳೆದುಕೊಳ್ಳುವ ಕಡೆ, ಇನ್ನೊಂದನ್ನು ಗಾಳಿ ಊದುವ ಬಾಯಿಯಲ್ಲಿ ಇಡಿ. ಎರಡರ ವ್ಯತ್ಯಾಸವೇ ಯಂತ್ರದ ನಾಡಿ. ಮೆಕ್ಯಾನಿಕ್‌ಗಳು ಹತ್ತು ಡಿಗ್ರಿಗಿಂತ ಕಡಿಮೆಯಿದ್ದರೆ ಅನುಮಾನಪಡುತ್ತಾರೆ. ಆದರೆ ನೀರಿನ ಲೆಕ್ಕ ಇಲ್ಲೂ ಬಂದು ಕೂರುತ್ತದೆ. ಗಂಟೆಗೆ 600 ಘನಮೀಟರ್ ಗಾಳಿ ತಿರುಗಿಸುವ ಒಂದು ಟನ್ ಯಂತ್ರ ಒಣಹವೆಯಲ್ಲಿ ಶೇ. 80ರಷ್ಟು ಶಕ್ತಿಯನ್ನು ತಣಿಸುವುದಕ್ಕೇ ಬಳಸಿದರೆ ವ್ಯತ್ಯಾಸ 14 ಡಿಗ್ರಿ ಬರುತ್ತದೆ. ಅದೇ ಯಂತ್ರ ತೇವದ ಹವೆಯಲ್ಲಿ ಅರ್ಧವನ್ನು ನೀರಿಗೆ ಕೊಟ್ಟರೆ ಒಂಬತ್ತು ಡಿಗ್ರಿಯೂ ಮುಟ್ಟುವುದಿಲ್ಲ. ಯಂತ್ರದಲ್ಲಿ ಎಳ್ಳಷ್ಟೂ ದೋಷವಿಲ್ಲ. ಬೆಂಗಳೂರಿನಲ್ಲಿ ಕಲಿತ ಅಂಕಿಯನ್ನು ಚೆನ್ನೈಗೆ ತಂದು ಗ್ಯಾಸ್ ಕಡಿಮೆ ಎಂದು ತೀರ್ಮಾನಿಸಿದರೆ ಅನ್ಯಾಯವಾಗುತ್ತದೆ. ಹಾಗಾಗಿ ಥರ್ಮಾಮೀಟರನ್ನೂ ಬಾಟಲಿಯನ್ನೂ ಒಟ್ಟಿಗೇ ಓದಬೇಕು.

ಹಬೀಬುಲ್ಲಾ ರಸ್ತೆಯಿಂದ ಒಳಗೆ ತಿರುಗುವ ಬೀದಿಯೊಂದರಲ್ಲಿ ನಿಂತಿದ್ದ ಎರಡು ಕೋಣೆಯ ಕ್ಯಾರವಾನ್ ಈ ಮಾತಿಗೆ ಒಳ್ಳೆಯ ಉದಾಹರಣೆ. ಅದರ ಡ್ರೈವರ್ ಮುಳಬಾಗಿಲು ಕಡೆಯವನು. ನಾನು ಕನ್ನಡ ಮಾತಾಡಿದ್ದು ಕೇಳಿ ತಾನೇ ಹತ್ತಿರ ಬಂದ.

"ಗ್ಯಾಸ್ ಹಾಕ್ಸಿ ಇನ್ನೂ ತಿಂಗ್ಳಾಗಿಲ್ಲ ಸಾರ್. ಹಿಂದಿನ್ ರೂಮು ಚಿಲ್ ಅಂತೈತೆ, ಮುಂದಿನ್ ರೂಮಲ್ಲಿ ಮೇಕಪ್ಪೇ ನಿಲ್ಲಲ್ಲ ಅಂತಾರೆ ಮೇಡಮ್ಮು."

"ನೀರು ಎಲ್ಲಿ ಬೀಳುತ್ತಪ್ಪಾ ಇದರದು?"

"ಹಿಂದಿನದು ಧಾರೆ ಸಾರ್. ಮುಂದಿನದು ಅಲ್ಲೊಂದು ಇಲ್ಲೊಂದು ತೊಟ್ಟು."

ಒಳಗೆ ಹೋಗಿ ನೋಡಿದರೆ ಮುಂದಿನ ಕೋಣೆಯ ಏಸಿ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಚೆಂದ ಕಾಣಲೆಂದು ಅದನ್ನು ಪ್ಲೈವುಡ್ಡಿನ ಗೂಡಿನೊಳಗೆ ಕೂರಿಸಿ ಮುಂದೆ ಮರದ ಪಟ್ಟಿಗಳ ಜಾಲರಿ ಹೊಡೆದಿದ್ದರು. ಬಾಯಿಯಿಂದ ಬಂದ ತಂಗಾಳಿ ಜಾಲರಿಗೆ ಬಡಿದು, ಅರ್ಧಕ್ಕರ್ಧ ಗೂಡಿನೊಳಗೇ ಮೇಲೆ ತಿರುಗಿ, ಅದೇ ಏಸಿಯ ಬೆನ್ನಿನಿಂದ ಮತ್ತೆ ಒಳಕ್ಕೆ ಹೋಗುತ್ತಿತ್ತು. ಕೋಣೆಯ ನಡುವೆ 31 ಡಿಗ್ರಿ. ಏಸಿ ಎಳೆದುಕೊಳ್ಳುತ್ತಿದ್ದ ಗಾಳಿ 19 ಡಿಗ್ರಿ. ಏಸಿಯ ತಾಪಸಂವೇದಕ ಇರುವುದು ಗಾಳಿ ಎಳೆಯುವ ಜಾಗದಲ್ಲೇ. ಅದರ ಪಾಲಿಗೆ ಕೋಣೆ ಯಾವಾಗಲೋ ತಣ್ಣಗಾಗಿಹೋಗಿದೆ, ಕಂಪ್ರೆಸರ್ ನಿಂತುಬಿಡುತ್ತದೆ. ಇನ್ವರ್ಟರ್ ಏಸಿಯಾದರೆ ಪೂರ್ತಿ ನಿಲ್ಲದೆ ಕುಂಟುತ್ತ ಓಡುತ್ತದೆ. ಒಮ್ಮೆ ಒಣಗಿದ ಗಾಳಿಯೇ ಮತ್ತೆ ಮತ್ತೆ ತಿರುಗುವುದರಿಂದ ನೀರೂ ಬೀಳುವುದಿಲ್ಲ. ಜಾಲರಿ ಕಳಚಿ, ಊದುವ ಬಾಯಿಗೂ ಎಳೆಯುವ ಬೆನ್ನಿಗೂ ನಡುವೆ ಒಂದು ಹಲಗೆಯ ಅಡ್ಡಗೋಡೆ ನಿಲ್ಲಿಸಿ, ಸಂದುಗಳಿಗೆ ಅಲ್ಯೂಮಿನಿಯಂ ಟೇಪು ಹಚ್ಚಿದ ಮೇಲೆ ಪೈಪಿನ ತೊಟ್ಟು ಧಾರೆಯಾಯಿತು.

ಅಮೆರಿಕದ ಕ್ಯಾಂಪಿಂಗ್ ಟ್ರೇಲರ್‌ಗಳಲ್ಲಿ ಏಸಿ ತಣ್ಣಗೆ ಮಾಡುವುದಿಲ್ಲ ಎಂಬ ದೂರಿನ ಹಿಂದೆ ಬಹಳ ಸಲ ಇದೇ ದೋಷವಿರುತ್ತದೆ. ಚಾವಣಿಯ ಮೇಲಿನ ಯಂತ್ರಕ್ಕೂ ಕೆಳಗಿನ ಒಳಮಾಡಿಗೂ ನಡುವೆ ಇರುವ ಚೌಕದ ಪೆಟ್ಟಿಗೆಯಲ್ಲಿ ತಂಗಾಳಿ ಇಳಿಯುವ ದಾರಿ, ಬಿಸಿಗಾಳಿ ಏರುವ ದಾರಿ ಅಕ್ಕಪಕ್ಕದಲ್ಲಿರುತ್ತವೆ. ನಡುವಿನ ತಗಡು ಸರಿಯಾಗಿ ಕೂರದಿದ್ದರೆ ತಂಪು ಕೋಣೆಯನ್ನು ಮುಟ್ಟದೆಯೇ ಹಿಂದಕ್ಕೆ ಹೋಗುತ್ತದೆ. ಒಂದು ಸುರುಳಿ ಟೇಪಿನಿಂದ ಮುಗಿಯುವ ಕೆಲಸಕ್ಕೆ ಇಡೀ ಯಂತ್ರವನ್ನೇ ಬದಲಿಸುವವರಿದ್ದಾರೆ.

ಫಿಲ್ಟರಿನ ವಿಷಯ ಎಲ್ಲರಿಗೂ ಗೊತ್ತು, ಆದರೂ ಮುಖದ ಪೌಡರು, ಹೇರ್ ಸ್ಪ್ರೇ, ರಸ್ತೆಯ ಧೂಳು ಸೇರುವ ಈ ಗಾಡಿಗಳಲ್ಲಿ ವಾರಕ್ಕೊಮ್ಮೆಯಾದರೂ ತೊಳೆಯಬೇಕು. ಹೇರ್ ಸ್ಪ್ರೇಯ ಅಂಟು ಫಿಲ್ಟರ್ ದಾಟಿ, ಗಾಳಿಯನ್ನು ತಣಿಸುವ ಕಾಯಿಲ್‌ನ ಅಲ್ಯೂಮಿನಿಯಂ ಎಲೆಗಳ ಮೇಲೆ ಕೂತು ಧೂಳನ್ನು ಹಿಡಿಯುತ್ತದೆ. ಗಾಳಿ ಕಡಿಮೆಯಾದರೆ ಕಾಯಿಲ್‌ಗೆ ಬರುವ ಶಾಖ ಕಡಿಮೆಯಾಗಿ ಅದರ ಉಷ್ಣತೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ಮೇಲೆ ಕೂತ ನೀರು ಮಂಜುಗಟ್ಟುತ್ತದೆ, ಮಂಜು ಗಾಳಿಯನ್ನು ಇನ್ನಷ್ಟು ತಡೆಯುತ್ತದೆ. ಇಲ್ಲಿ ನೋಡಬೇಕಾದ್ದು ಮಂಜು ಎಲ್ಲಿ ಕೂತಿದೆ ಎಂಬುದು. ಇಡೀ ಕಾಯಿಲ್ ಬೆಳ್ಳಗಾಗಿದ್ದರೆ ಸಾಮಾನ್ಯವಾಗಿ ಗಾಳಿಯ ದೋಷ: ಫಿಲ್ಟರ್, ಕಾಯಿಲ್‌ನ ಕೊಳೆ, ನಿಧಾನವಾಗಿ ತಿರುಗುವ ಫ್ಯಾನು. ಗ್ಯಾಸ್ ಒಳಬರುವ ತುದಿಯಲ್ಲಿ ಒಂದೆರಡು ಸಾಲು ಮಾತ್ರ ಮಂಜುಗಟ್ಟಿ ಉಳಿದದ್ದು ಒಣಗಿ ಬೆಚ್ಚಗಿದ್ದರೆ, ಗ್ಯಾಸ್ ಕಾಯಿಲ್‌ನ ಕೊನೆಯವರೆಗೆ ಮುಟ್ಟುತ್ತಿಲ್ಲ ಎಂದು ಅನುಮಾನಿಸಬಹುದು. ಮಂಜು ಪೂರ್ತಿ ಕರಗುವವರೆಗೆ ಕಂಪ್ರೆಸರ್ ನಿಲ್ಲಿಸಿ, ಫ್ಯಾನು ಮಾತ್ರ ಓಡಿಸಿ, ಆಮೇಲೆ ಯಾವ ಅಳತೆಯನ್ನಾದರೂ ತೆಗೆದುಕೊಳ್ಳಿ. ಮಂಜು ಹಿಡಿದ ಯಂತ್ರದ ಮೇಲೆ ಮಾಡಿದ ಅಳತೆಗೆ ಅರ್ಥವಿಲ್ಲ.

ಇಷ್ಟು ಒಳಗಿನ ಕಥೆ. ಒಳಗೆ ಎತ್ತಿದ ಶಾಖವನ್ನು ಹೊರಗೆ ಚೆಲ್ಲಲೇಬೇಕು, ಅದರ ಜೊತೆ ಕಂಪ್ರೆಸರಿನದೇ ಬಿಸಿಯೂ ಸೇರುತ್ತದೆ. ಬಾವಿ ಆಳವಾದಷ್ಟೂ ನೀರು ಸೇದುವ ಶ್ರಮ ಹೆಚ್ಚುವ ಹಾಗೆ, ಒಳಗಿನ ಕಾಯಿಲ್‌ಗೂ ಹೊರಗಿನ ಕಾಯಿಲ್‌ಗೂ ಉಷ್ಣತೆಯ ಅಂತರ ಹೆಚ್ಚಿದಷ್ಟೂ ಕಂಪ್ರೆಸರ್ ಹೆಚ್ಚು ದುಡಿದು ಕಡಿಮೆ ಶಾಖ ಎತ್ತುತ್ತದೆ. ಏಸಿಯ ಮೇಲೆ ಬರೆದಿರುವ ಟನ್ ಲೆಕ್ಕ ಹೊರಗಿನ ಗಾಳಿ 35 ಡಿಗ್ರಿ ಇದ್ದಾಗ ಅಳೆದದ್ದು. ಟಿ. ನಗರದ ಬೀದಿಯಲ್ಲಿ ನಿಂತ ಗಾಡಿಯ ಔಟ್‌ಡೋರ್ ಯೂನಿಟ್ಟಿಗೆ ಅಂಥ ಗಾಳಿ ಸಿಗುವುದೇ ಅಪರೂಪ. ಈ ಬಡಾವಣೆ 1920ರ ದಶಕದಲ್ಲಿ ಕೆರೆಯಂಗಳದ ಮೇಲೆ ಎದ್ದದ್ದು. ಪನಗಲ್ ಪಾರ್ಕನ್ನು ನಡುವಿಟ್ಟು, ಅಗಲವಾದ ರಸ್ತೆ, ತೋಟವಿರುವ ಬಂಗಲೆಗಳಿಗೆಂದು ಅಳೆದ ನಿವೇಶನಗಳಲ್ಲಿ ಈಗ ಗೋಡೆಗೆ ಗೋಡೆ ತಾಗುವ ಅಪಾರ್ಟ್‌ಮೆಂಟುಗಳು, ಬಹುಮಹಡಿ ಬಟ್ಟೆಯಂಗಡಿಗಳು. ಪ್ರತಿ ಗೋಡೆಯಲ್ಲೂ ಔಟ್‌ಡೋರ್ ಯೂನಿಟ್ಟುಗಳ ಸಾಲು, ಒಂದು ಉಗುಳಿದ ಬಿಸಿಗಾಳಿಯನ್ನು ಮೇಲಿನದು ಉಸಿರಾಡುತ್ತದೆ.

ಕ್ಯಾರವಾನ್‌ನಲ್ಲಿ ಇದು ಇನ್ನೂ ಬಿಗಿ. ಔಟ್‌ಡೋರ್ ಯೂನಿಟ್ಟನ್ನು ಗಾಡಿಯ ಹಿಂಬದಿಯ ಗೂಡಿನಲ್ಲಿ ಅಡಗಿಸಿ, ಅದರ ಪಕ್ಕದಲ್ಲೇ ಜನರೇಟರ್ ಇಟ್ಟಿದ್ದರೆ ಅದರ ರೇಡಿಯೇಟರ್ ಬಿಟ್ಟ ಗಾಳಿಯನ್ನೇ ಏಸಿ ಎಳೆದುಕೊಳ್ಳಬೇಕಾಗುತ್ತದೆ. ಪರೀಕ್ಷೆ ಸುಲಭ: ಔಟ್‌ಡೋರ್ ಯೂನಿಟ್ ಗಾಳಿ ಎಳೆಯುವ ಬೆನ್ನಿನ ಬಳಿ ಥರ್ಮಾಮೀಟರ್ ಇಡಿ, ನೆರಳಿನಲ್ಲಿರುವ ಬೀದಿಯ ಗಾಳಿಯೊಡನೆ ಹೋಲಿಸಿ. ಮೂರು ನಾಲ್ಕು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಬಿಸಿಗಾಳಿ ಅಲ್ಲೇ ಸುತ್ತುತ್ತಿದೆ. ಗೂಡಿನ ಬಾಗಿಲು ತೆಗೆದಿಟ್ಟು ನೋಡಿ. ಅರ್ಧ ಗಂಟೆಯಲ್ಲಿ ಒಳಗೆ ತಂಪೇರಿದರೆ ಉತ್ತರ ಸಿಕ್ಕಂತೆ. ಕಡಲು ಇಲ್ಲಿಂದ ದೂರವೇನಿಲ್ಲ. ಬೀಚಿನ ಶೂಟಿಂಗ್ ಮುಗಿಸಿ ಬಂದ ಗಾಡಿಯ ಹೊರಗಿನ ಕಾಯಿಲ್‌ನಲ್ಲಿ ಉಪ್ಪು ಮರಳು ಎರಡೂ ಇರುತ್ತವೆ. ಕರೆಂಟು ತೆಗೆದು, ಸಿಹಿನೀರಿನಿಂದ ಮೆತ್ತಗೆ ತೊಳೆಯಬೇಕು. ರಭಸದ ನೀರು ಹಾಯಿಸಿದರೆ ಎಲೆಗಳು ಮಡಚಿ ದಾರಿಯೇ ಮುಚ್ಚುತ್ತದೆ.

ವಿದ್ಯುತ್ತಿನ ಕಡೆ ಎರಡೇ ಮಾತು. ಉದ್ದದ ತೆಳು ವೈರಿನಲ್ಲಿ ಬಂದ ಕರೆಂಟಾಗಲಿ, ಹೊರೆ ಹೆಚ್ಚಾದ ಜನರೇಟರಾಗಲಿ 230 ವೋಲ್ಟಿನ ಬದಲು 200 ಕೊಟ್ಟರೆ ಸಾಮಾನ್ಯ ಕಂಪ್ರೆಸರಿನ ಮೋಟರಿನ ತಿರುಗುಬಲ ಶೇ. 13 ಅಲ್ಲ, ಸುಮಾರು ಶೇ. 25 ಕುಸಿಯುತ್ತದೆ, ಅದು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವಂಥದು. ಎರಡನೆಯದು ಕೆಪಾಸಿಟರ್. ಬಿಸಿಯಲ್ಲಿ ಕೂತು ಕೂತು ಅದರ ಮೈಕ್ರೋಫ್ಯಾರಡ್ ಇಳಿದರೆ ಹೊರಗಿನ ಫ್ಯಾನು ತಿರುಗುತ್ತಿರುತ್ತದೆ, ಆದರೆ ನಿಧಾನವಾಗಿ. ನೋಡಿದವರಿಗೆ ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ. ಕೆಪಾಸಿಟರ್ ಏಸಿಯಲ್ಲಿ ಅತ್ಯಂತ ಅಗ್ಗದ ಬಿಡಿಭಾಗಗಳಲ್ಲೊಂದು. ಆದರೆ ಕರೆಂಟು ತೆಗೆದ ಮೇಲೂ ಅದರಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ತು ಉಳಿದಿರುತ್ತದೆ, ಬಲ್ಲವರೇ ಮುಟ್ಟಬೇಕು.

ಇನ್ನು ಚಾವಣಿ. 13 ಚದರ ಮೀಟರ್ ತಗಡಿನ ಮೇಲೆ ಮಧ್ಯಾಹ್ನ ಬೀಳುವ ಬಿಸಿಲು ಸುಮಾರು 12 ಕಿಲೋವಾಟ್. ಹೆಚ್ಚಿನದು ಗಾಳಿಗೆ, ಆಕಾಶಕ್ಕೆ ಹೋಗುತ್ತದೆ. ತಗಡಿನ ಕೆಳಗೆ ಒಂದು ಅಂಗುಲ ಒಳ್ಳೆಯ ಫೋಮ್ ಇದ್ದರೆ ಒಳಗೆ ಬರುವುದು ಅರ್ಧ ಕಿಲೋವಾಟಿಗೂ ಕಡಿಮೆ. ಬರೀ ತೆಳು ಪ್ಲೈವುಡ್ ಇದ್ದರೆ ಒಂದೂವರೆ ಕಿಲೋವಾಟ್ ದಾಟಬಹುದು, ಅಂದರೆ ಅರ್ಧ ಟನ್ ಏಸಿ ಚಾವಣಿಯೊಂದಕ್ಕೇ ಮುಡಿಪು. ಕನ್ನಡಿಯ ಸುತ್ತಲಿನ ಹತ್ತು ಹಳೆಯ 60 ವಾಟ್ ಬಲ್ಬು 600 ವಾಟ್. ಐದು ಜನ ಕೂತರೆ ಇನ್ನೊಂದು 500. ಈ ಮೂರನ್ನು ಕೂಡಿಸಿದರೆ ಹಬೆ, ಬಾಗಿಲು ಯಾವುದೂ ಸೇರುವ ಮೊದಲೇ ಒಂದು ಟನ್ ಯಂತ್ರದ ಮುಕ್ಕಾಲು ಭಾಗ ಖರ್ಚಾಗಿರುತ್ತದೆ. ಎಲ್ಇಡಿ ಬಲ್ಬು, ಚಾವಣಿಗೆ ಬಿಳಿ ಬಣ್ಣ, ನಿಲ್ಲಿಸಲು ಮರದ ನೆರಳು: ಮೂರರಲ್ಲಿ ಯಾವುದಕ್ಕೂ ಮೆಕ್ಯಾನಿಕ್ ಬೇಡ. ಬಿಸಿಲಲ್ಲಿ ಬೆಂದ ಸೋಫಾ, ಹಲಗೆ, ಗೋಡೆಗಳೆಲ್ಲ ತಣಿಯಲು ಹೊತ್ತು ಬೇಕು. ನಟಿ ಬರುವ ಹೊತ್ತಿಗೆ ಏಸಿ ಹಾಕಿ ಕೂಡಲೇ 18ಕ್ಕೆ ಇಳಿಸಿದರೆ ಪ್ರಯೋಜನವಿಲ್ಲ. ಬೆಳಗಿನ ತಂಪಿನಲ್ಲೇ ಹಾಕಿ 24ರಲ್ಲಿ ಬಿಡುವುದು ಸರಿಯಾದ ಕ್ರಮ.

ಗಾಳಿ ಸೋರುವ ತೂತುಗಳ ಬಗ್ಗೆ ಮೇಲೆ ಹೇಳಿದೆ. ಅದರಲ್ಲಿ ಸೆಕೆಗಿಂತ ದೊಡ್ಡ ವಿಷಯವೊಂದಿದೆ. 2024ರ ಡಿಸೆಂಬರ್‌ನಲ್ಲಿ ಕೇರಳದ ಕೋಳಿಕ್ಕೋಡ್ ಜಿಲ್ಲೆಯ ವಡಗರದ ಬಳಿ ಹೆದ್ದಾರಿ ಬದಿಯಲ್ಲಿ ನಿಂತಿದ್ದ ಕ್ಯಾರವಾನ್‌ನೊಳಗೆ ಇಬ್ಬರು ಸತ್ತು ಬಿದ್ದಿದ್ದರು. ಏಸಿ ಹಾಕಿಕೊಂಡು ಮಲಗಲು ಜನರೇಟರ್ ಓಡಿಸಿದ್ದರು; ಅದರ ಹೊಗೆಯಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ಗಾಡಿಯ ತಳದ ಹಲಗೆಯ ಸಂದಿನಿಂದ ಒಳಗೆ ಬಂದಿತ್ತೆಂದು ಕ್ಯಾಲಿಕಟ್ ಎನ್‌ಐಟಿಯ ತಜ್ಞರು ಅದೇ ವಾಹನದಲ್ಲಿ ಪರೀಕ್ಷೆ ನಡೆಸಿ ಕಂಡುಕೊಂಡರು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮೀರಿ ಗಟ್ಟಿಯಾಗಿ ಅಂಟುತ್ತದೆ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಜನರೇಟರ್ ಇರುವ ಗಾಡಿಯಲ್ಲಿ ತಳದ ತೂತುಗಳನ್ನು ಮುಚ್ಚುವುದನ್ನು ಏಸಿ ರಿಪೇರಿಯ ಮೊದಲ ಕೆಲಸವಾಗಿ ಮಾಡಬೇಕು. ಹೊಗೆಕೊಳವೆಯನ್ನು ಗಾಡಿಯ ಅಡಿಯಿಂದ ಹೊರಕ್ಕೆ ಎಳೆದಿರಬೇಕು. ಒಳಗೆ ಕಾರ್ಬನ್ ಮಾನಾಕ್ಸೈಡ್ ಅಲಾರಾಂ ಇರಬೇಕು. ಅದು ದುಬಾರಿ ವಸ್ತುವಲ್ಲ. ಇದ್ದಿದ್ದರೆ ವಡಗರದ ಆ ಇಬ್ಬರು ಎದ್ದು ಹೊರಗೆ ಬಂದಿರಬಹುದಿತ್ತು.

ಗ್ಯಾಸಿನ ಸರದಿ ಈಗ. ಏಸಿಯೊಳಗಿನ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವುದಿಲ್ಲ. ಮುಚ್ಚಿದ ತಾಮ್ರದ ಕೊಳವೆಯಲ್ಲಿ ಒಳಗೆ ಆವಿಯಾಗಿ, ಹೊರಗೆ ದ್ರವವಾಗಿ, ವರ್ಷಗಟ್ಟಲೆ ಅದೇ ಗ್ಯಾಸ್ ತಿರುಗುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ವಾಹನದ ಅಲುಗಾಟಕ್ಕೆ ಸಡಿಲಾಗುವ ಫ್ಲೇರ್ ನಟ್ಟು, ಉಜ್ಜಿ ಸವೆದ ಕೊಳವೆ, ಕಾಯಿಲ್‌ನಲ್ಲಿ ತುಕ್ಕು ಕೊರೆದ ಸೂಜಿಮೊನೆಯ ತೂತು: ಸೋರಿದ ಜಾಗದಲ್ಲಿ ಎಣ್ಣೆಯ ಪಸೆ ಕಾಣುತ್ತದೆ, ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ಸೋರಿಕೆ ಹುಡುಕದೆ ಮೇಲಿನಿಂದ ಮೇಲೆ ತುಂಬಿಸಿದ ಗ್ಯಾಸ್ ಮತ್ತೆ ಅದೇ ತೂತಿನಿಂದ ಹೋಗುತ್ತದೆ. ಹೋದದ್ದು ಎಲ್ಲಿಗೆ ಎಂದು ಯೋಚಿಸಿದರೆ ಸಂಕಟವಾಗುತ್ತದೆ. ಆರ್-410ಎ ಗ್ಯಾಸಿನ ಒಂದು ಕಿಲೋ ನೂರು ವರ್ಷಗಳಲ್ಲಿ ಭೂಮಿಯನ್ನು ಬಿಸಿ ಮಾಡುವುದು 2,088 ಕಿಲೋ ಇಂಗಾಲದ ಡೈ ಆಕ್ಸೈಡಿನಷ್ಟು. ಅಷ್ಟು ಇಂಗಾಲದ ಡೈ ಆಕ್ಸೈಡ್ ಹೊರಬರಲು ಸುಮಾರು 900 ಲೀಟರ್ ಪೆಟ್ರೋಲ್ ಸುಡಬೇಕು. ಹಳೆಯ ಆರ್-22 ಓಜೋನ್ ಪದರಕ್ಕೂ ಕೇಡು. 1987ರ ಮಾಂಟ್ರಿಯಲ್ ಒಪ್ಪಂದ ಅಂಥವನ್ನು ಹಂತಹಂತವಾಗಿ ಕೈಬಿಡಿಸುತ್ತಿದೆ. 2016ರ ಕಿಗಾಲಿ ತಿದ್ದುಪಡಿ ಆರ್-410ಎ ಜಾತಿಯ ಅನಿಲಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಈಗಿನ ಹೊಸ ಏಸಿಗಳಲ್ಲಿ ಹೆಚ್ಚಾಗಿರುವ ಆರ್-32 ಭೂಮಿಯನ್ನು ಬಿಸಿ ಮಾಡುವುದು ಆರ್-410ಎಯ ಮೂರನೇ ಒಂದು ಭಾಗದಷ್ಟೇ, ಆದರೆ ಅದಕ್ಕೆ ಸ್ವಲ್ಪ ಮಟ್ಟಿಗೆ ಉರಿಯುವ ಗುಣವಿದೆ. ಮುಚ್ಚಿದ ಗಾಡಿಯಲ್ಲಿ ಅದು ಸೋರುತ್ತಿದ್ದಾಗ ಬೆಂಕಿ ಬಳಸಿ ಬೆಸುಗೆ ಹಾಕಕೂಡದು.

ಗೇಜು ನೋಡಿ ಗ್ಯಾಸ್ ಕಡಿಮೆ ಎಂದು ಹೇಳುವವರನ್ನು ಮೊದಲು ಕೇಳಬೇಕಾದ್ದು ಇದು ಯಾವ ಗ್ಯಾಸಿನ ಯಂತ್ರ ಎಂದು. ಎಳೆಯುವ ಕಡೆಯ ಒತ್ತಡ ಚದರ ಅಂಗುಲಕ್ಕೆ 70 ಪೌಂಡ್ ಎಂದರೆ ಆರ್-22 ಯಂತ್ರದಲ್ಲಿ ಕಾಯಿಲ್ ಐದು ಡಿಗ್ರಿಯ ಸುಮಾರಿನಲ್ಲಿ ಆರೋಗ್ಯವಾಗಿದೆ. ಅದೇ 70 ಆರ್-410ಎ ಯಂತ್ರದಲ್ಲಿ ಬಂದರೆ ಕಾಯಿಲ್ ಸೊನ್ನೆಗಿಂತ ಬಹಳ ಕೆಳಗಿದೆ. ಅಲ್ಲಿ ಆರೋಗ್ಯದ ಅಂಕಿ 118ರ ಆಸುಪಾಸು. ಫಿಲ್ಟರ್ ಕಟ್ಟಿಕೊಂಡರೂ ಇದೇ ಒತ್ತಡ ಕುಸಿಯುತ್ತದೆ, ಆದ್ದರಿಂದ ಗೇಜಿನ ಮುಳ್ಳೊಂದನ್ನೇ ಸಾಕ್ಷಿಯೆಂದು ನಂಬಲಾಗದು. ಬಾಟಲಿ, ಎರಡು ಥರ್ಮಾಮೀಟರ್, ಮಂಜಿನ ಗುರುತು, ಹೊರಗಿನ ಗಾಳಿ, ವೋಲ್ಟೇಜು ಎಲ್ಲ ನೋಡಿಯಾದ ಮೇಲೂ ಬೆರಳು ಗ್ಯಾಸಿನ ಕಡೆಗೇ ತೋರಿದರೆ ಸೋರಿಕೆ ಹುಡುಕಿ ಮುಚ್ಚಿಸಿ. ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದೆಯೇ ಎಂದು ನೋಡಿಸಿ. ವ್ಯಾಕ್ಯೂಮ್ ಪಂಪು ಹಚ್ಚಿ ಒಳಗಿನ ಗಾಳಿ, ತೇವ ಎರಡನ್ನೂ ತೆಗೆಸಿ. ಆಮೇಲೆ ಯಂತ್ರದ ಪಟ್ಟಿಯ ಮೇಲೆ ಎಷ್ಟು ಗ್ರಾಂ ಎಂದು ಬರೆದಿದೆಯೋ ಅಷ್ಟನ್ನೇ, ತಕ್ಕಡಿಯಲ್ಲಿ ತೂಗಿ ತುಂಬಿಸಿ. ಕೊಳವೆಯನ್ನು ಮುಟ್ಟಿ ನೋಡಿ ಅಂದಾಜಿನ ಮೇಲೆ ಹಾಕಿದರೆ ಹೆಚ್ಚಾಗುವ ಅಪಾಯವೂ ಇದೆ. ಗ್ಯಾಸ್ ಹೆಚ್ಚಾದ ಯಂತ್ರದಲ್ಲಿ ಹೊರಗಿನ ಕಾಯಿಲ್ ದ್ರವದಿಂದ ತುಂಬಿ, ಒತ್ತಡ ಏರಿ, ಕಂಪ್ರೆಸರ್ ಕಾದು ನಿಲ್ಲುತ್ತದೆ. ಗ್ಯಾಸ್ ಕಡಿಮೆಯಾದಾಗ ಇದ್ದ ದೂರೇ ಮತ್ತೆ ಬರುತ್ತದೆ, ಆಗಲೂ ಬಂದವರು ಹೇಳುವುದು ಗ್ಯಾಸ್ ಹೋಗಿದೆ ಎಂದೇ. ಅಮೆರಿಕದ ಟ್ರೇಲರ್‌ಗಳ ಚಾವಣಿಯ ಏಸಿಗಳಲ್ಲಿ ಬಹಳಷ್ಟಕ್ಕೆ ಗ್ಯಾಸ್ ತುಂಬುವ ಬಾಯಿಯನ್ನೇ ಇಟ್ಟಿರುವುದಿಲ್ಲ. ಕಾರ್ಖಾನೆಯಲ್ಲಿ ತೂಗಿ ತುಂಬಿ ಬೆಸೆದುಬಿಡುತ್ತಾರೆ. ಹಾಗಾಗಿ ಅಲ್ಲಿನವರು ಟೇಪು, ಬ್ರಷ್ಷು, ವೋಲ್ಟ್‌ಮೀಟರ್ ಹಿಡಿದು ಉಳಿದೆಲ್ಲವನ್ನೂ ಮೊದಲು ನೋಡಲೇಬೇಕಾಗುತ್ತದೆ.